ಸ್ವಂತ ಮನೆಯ ಲೆಕ್ಕ

2011ನೆಯ ಇಸವಿಯ ಜನಗಣತಿಯಂತೆ ಭಾರತದಲ್ಲಿ ನೂರಕ್ಕೆ 86.6 ಕುಟುಂಬಗಳು ಸ್ವಂತ ಮನೆಯಲ್ಲಿದ್ದುವು. ಇದನ್ನು ಕೇಳಿ, ನೂರು ಮಂದಿಯಲ್ಲಿ ಎಂಬತ್ತೇಳು ಮಂದಿ ಮನೆಯೊಡೆಯರೆಂದು ನಾವು ಭಾವಿಸುವುದುಂಟು. ಆದರೆ ಗಣತಿಯು ಎಣಿಸಿದುದು ಕುಟುಂಬಗಳನ್ನು, ವ್ಯಕ್ತಿಗಳನ್ನಲ್ಲ. ಒಂದೇ ಅಡಿಗೆಯಲ್ಲಿ ಉಣ್ಣುವವರೆಲ್ಲ ಒಂದು ಕುಟುಂಬ. ಕೇಳಿದುದೂ ವಾಸದ ಮನೆಯ ವಿಚಾರವನ್ನು ಮಾತ್ರ. ಹಳ್ಳಿಯಲ್ಲಿ ಸ್ವಂತ ಮನೆಯಿದ್ದರೂ ಬೆಂಗಳೂರಿನಲ್ಲಿ ಬಾಡಿಗೆಗಿರುವವರು ಬಾಡಿಗೆದಾರರೇ. ಸ್ವಂತ ಗುಡಿಸಲಿನವರು ಮನೆಯೊಡೆಯರೇ.

ತಂದೆಯ ಮನೆಯಲ್ಲಿದ್ದ ಮಗನು ಬೇರೆ ಬಿಡಾರ ಹೂಡಿ ಬಾಡಿಗೆ ತೆತ್ತರೆ, ಬಾಡಿಗೆಯ ಕುಟುಂಬವೊಂದು ಹೆಚ್ಚಿ ಈ ಪ್ರಮಾಣವು ಇಳಿಯುತ್ತದೆ. ಬಾಡಿಗೆ ತೆರಲಾರದೆ ತಂದೆಯ ಮನೆಗೇ ಹಿಂದಿರುಗಿದರೆ ಏರುತ್ತದೆ. ಹೀಗೆ ಮನೆ ದೊರೆಯದ ಕಷ್ಟವೇ ಅಂಕಿಯಲ್ಲಿ ಸಮೃದ್ಧಿಯಾಗಿ ತೋರಬಹುದು. ಆದುದರಿಂದ ಪ್ರಮಾಣವು ಏರಿತೆಂದು ಹಿಗ್ಗುವ ಮೊದಲು, ಒಂದೊಂದು ಮನೆಯಲ್ಲಿ ಎಷ್ಟು ಮಂದಿ ಇಕ್ಕಟ್ಟಿನಲ್ಲಿರುವರೆಂಬುದನ್ನೂ ನಾವು ವಿಚಾರಿಸಬೇಕು.