ಗಂಟುರೋಗದ ಹಿಂದಿನ ಏಕಕೋಶ ಜೀವಿ



ಶಿಡ್ಲಘಟ್ಟ, ಚಿಂತಾಮಣಿಯ ರೇಷ್ಮೆ ಬೆಳೆಗಾರರು ಗಂಟುರೋಗಕ್ಕೆ ಹೆದರುತ್ತಾರೆ. ಅದು ಬಂದರೆ ಇಡೀ ಬೆಳೆಯೇ ಹೋಗಬಹುದು. ಇದಕ್ಕೆ ಕಾರಣ ನೊಸೆಮಾ ಬಾಂಬಿಸಿಸ್ ಎಂಬ ಏಕಕೋಶ ಜೀವಿ. ಇದರ ಪೂರ್ವಜರು ತಮಗೆ ಬೇಕಾದ ಶಕ್ತಿಯನ್ನು ತಾವೇ ತಯಾರಿಸುತ್ತಿದ್ದರು. ಕಾಲಾಂತರದಲ್ಲಿ ಉತ್ಪರಿವರ್ತನೆಗಳಿಂದ ಆ ಕೆಲಸದ ಅನೇಕ ಜೀನುಗಳು ನಶಿಸಿದವು. ಬದಲಿಗೆ ಬ್ಯಾಕ್ಟೀರಿಯಾಗಳಿಂದ ಬಂದ ಜೀನುಗಳು ಕೋಶಪೊರೆಯಲ್ಲಿ ಬಾಗಿಲುಗಳಂಥ ಪ್ರೋಟೀನುಗಳನ್ನು ಕೊಟ್ಟವು. ಅವುಗಳ ಮೂಲಕ ಈ ಜೀವಿ ಹುಳುವಿನ ಜೀವಕೋಶದ ಶಕ್ತಿಯನ್ನೇ ಹೀರುತ್ತದೆ.

ರೋಗವು ತಾಯಿ ಚಿಟ್ಟೆಯಿಂದ ಮೊಟ್ಟೆಗೂ ದಾಟುತ್ತದೆ. ಆದ್ದರಿಂದಲೇ 1865ರಿಂದ ಫ್ರಾನ್ಸಿನಲ್ಲಿ ಈ ರೋಗವನ್ನು ಅಭ್ಯಸಿಸಿದ ಲೂಯಿ ಪಾಶ್ಚರ್, ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವ ಕ್ರಮವನ್ನು ರೂಢಿಗೆ ತಂದರು. ಇಂದಿಗೂ ಅದೇ ಮುಖ್ಯ ರಕ್ಷಣೆ.

ವಿದ್ಯಾರ್ಥಿಗಳೇ, ಸೂಕ್ಷ್ಮದರ್ಶಕದಲ್ಲಿ ನೋಡುವುದನ್ನು ಚೆನ್ನಾಗಿ ಕಲಿಯಿರಿ. ಪರೀಕ್ಷೆಯಾದ ರೋಗರಹಿತ ಮೊಟ್ಟೆಯನ್ನೇ ತರುವಂತೆ ಮನೆಯ ಹಿರಿಯರಿಗೆ ತಿಳಿಸಿರಿ.