ರಾಜ್ಯಶಾಸ್ತ್ರ ಓದಿದರೆ ಏನು ಬಂತು?

(ಸಂಘದ ರಜತ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಒಂದು ಹಳ್ಳಿಯ ಸಹಕಾರ ಸಂಘ ಇಪ್ಪತ್ತೈದು ವರ್ಷ ಬಾಗಿಲು ಮುಚ್ಚದೆ ನಡೆದದ್ದು ಸಣ್ಣ ಮಾತಲ್ಲ. ಅದಕ್ಕಾಗಿ ನಿಮ್ಮನ್ನು ಅಭಿನಂದಿಸಿ ನೇರವಾಗಿ ವಿಷಯಕ್ಕೆ ಬರುತ್ತೇವೆ. ಉನ್ನತ ಶಿಕ್ಷಣದ ಬಗ್ಗೆ ನಾಲ್ಕು ಮಾತು ಆಡಿರಿ ಎಂದು ನಮಗೆ ಅಪ್ಪಣೆಯಾಗಿದೆ. ವಿಷಯ ಸಮುದ್ರದಷ್ಟಿದೆ. ನಮಗೆ ಗೊತ್ತಿರುವ ಒಂದು ಮೂಲೆಯನ್ನಷ್ಟೇ ಹಿಡಿದುಕೊಂಡಿದ್ದೇವೆ: ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರ ಮತ್ತು ಅಂತರರಾಷ್ಟ್ರೀಯ ಸಂಬಂಧಗಳನ್ನು ಓದುವುದು.

ನಮ್ಮ ಕಡೆ "ಮಗ ಏನ್ ಓದ್ಲಾಕತ್ತಾನ್ರಿ?" ಅಂತ ಕೇಳಿದಾಗ ಇಂಜಿನಿಯರಿಂಗ್ ಅಂದರೆ ಕೂಡಿಸಿ ಚಹಾ ಕೊಡ್ತಾರ. ಎಂ.ಎ. ರಾಜ್ಯಶಾಸ್ತ್ರ ಅಂದರೆ "ಹೌದಾ, ಎಲೆಕ್ಷನ್‌ಗೆ ನಿಂದ್ರತಾನೇನು?" ಅಂತ ನಗ್ತಾರ. ನಕ್ಕರೆ ನಗಲಿ. ಆದರೆ ಆ ನಗೆಗೆ ಹೆದರಿ ಬುದ್ಧಿವಂತ ಹುಡುಗರು ಒಲ್ಲದ ಕೋರ್ಸಿಗೆ ಸೇರಿ ಅರ್ಧಕ್ಕೇ ಬಿಟ್ಟು ಬರುವುದನ್ನು ನಾವು ಬಹಳ ಕಂಡಿದ್ದೇವೆ.

ಈ ಶಾಸ್ತ್ರಕ್ಕೂ ನಮ್ಮ ಹೊಲಕ್ಕೂ ಏನು ಸಂಬಂಧ? ತೊಗರಿಯನ್ನೇ ತಗೊಳ್ರಿ. ತೊಗರಿ ದರ ಇಳಿದಾಗ ನಾವು ಅಡತಿ ಅಂಗಡಿಯವರನ್ನು ಬೈಯುತ್ತೇವೆ. 2016ರ ಜುಲೈ ತಿಂಗಳಲ್ಲಿ ಭಾರತ ಸರ್ಕಾರ ಆಫ್ರಿಕಾದ ಮೊಜಾಂಬಿಕ್ ದೇಶದೊಂದಿಗೆ ಒಂದು ಒಪ್ಪಂದ ಮಾಡಿಕೊಂಡಿತು. ಮೊದಲ ವರ್ಷ 1 ಲಕ್ಷ ಟನ್ನಿನಿಂದ ಆರಂಭಿಸಿ, ಐದನೆಯ ವರ್ಷಕ್ಕೆ 2 ಲಕ್ಷ ಟನ್ನಿನವರೆಗೆ ಬೇಳೆಕಾಳು ಅಲ್ಲಿಂದ ತರಿಸಿಕೊಳ್ಳುವ ಒಪ್ಪಂದ ಅದು. ಹಿಂದಿನ ವರ್ಷ ಬೇಳೆ ದರ ಗಗನಕ್ಕೇರಿ ಪಟ್ಟಣದವರು ಕೂಗಾಡಿದ್ದರು, ಅದರ ಫಲ ಇದು. 2021ರ ಮೇ ತಿಂಗಳಲ್ಲಿ ತೊಗರಿ ಆಮದಿನ ಮಿತಿಯನ್ನೇ ತೆಗೆದರು. ಇದು ಸರಿಯೋ ತಪ್ಪೋ ಎಂಬುದು ಬೇರೆ ಮಾತು. ಉಣ್ಣುವವನಿಗೂ ಬೇಳೆ ಬೇಕಲ್ಲ! ಆದರೆ ಯಾದಗಿರಿ ಮಾರುಕಟ್ಟೆಯ ದರದ ಒಂದು ತುದಿ ಹಿಂದೂ ಮಹಾಸಾಗರದ ಆಚೆ ಇದೆ ಎಂಬುದನ್ನು ತಿಳಿದು, ಬಿತ್ತುವ ಮೊದಲೇ ನಮಗೆ ಹೇಳುವವರು ಎಷ್ಟು ಜನ ಇದ್ದಾರೆ? ಸಂಘದ ಗೋದಾಮಿನಲ್ಲಿ ಮಾರುವ ಪೊಟ್ಯಾಷ್ ಗೊಬ್ಬರವೂ ಹೊರದೇಶದ್ದೇ. 2022ರಲ್ಲಿ ಉಕ್ರೇನಿನಲ್ಲಿ ಯುದ್ಧ ಹತ್ತಿದಾಗ ಆ ಚೀಲದ ದರ ಏನಾಯಿತೆಂದು ನಮ್ಮ ಕಾರ್ಯದರ್ಶಿಗಳು ಚೆನ್ನಾಗಿ ಬಲ್ಲರು.

ಇನ್ನು ನೀರು. ನಾರಾಯಣಪುರ ಎಡದಂಡೆ ಕಾಲುವೆಯ ಕೊನೆಯಲ್ಲಿ ಹೊಲ ಇದ್ದವರಿಗೆ ನಾವು ಹೊಸದಾಗಿ ಹೇಳಬೇಕಾದ್ದಿಲ್ಲ. "ಮ್ಯಾಲಿನವರು ತೂಬು ಬಿಡವಲ್ರು" ಎಂಬ ಜಗಳ ಪ್ರತಿ ಹಂಗಾಮಿನಲ್ಲೂ ಇದ್ದದ್ದೇ. 1895ರಲ್ಲಿ ಅಮೆರಿಕದ ಅಟಾರ್ನಿ ಜನರಲ್ ಹಾರ್ಮನ್ ಎಂಬಾತ ಇದೇ ಮಾತನ್ನು ಕಾನೂನಿನ ಭಾಷೆಯಲ್ಲಿ ಬರೆದ. ನಮ್ಮ ನೆಲದಾಗ ಹರಿಯುವ ನೀರು ನಮ್ಮದು, ಕೆಳಗಿನ ಮೆಕ್ಸಿಕೋಕ್ಕೆ ಬಿಡಲೇಬೇಕೆಂಬ ಕಾನೂನು ಇಲ್ಲ, ಇಷ್ಟೇ ಅದರ ತಾತ್ಪರ್ಯ. ಆದರೆ 1906ರಲ್ಲಿ ಅದೇ ಅಮೆರಿಕ ಒಪ್ಪಂದ ಮಾಡಿಕೊಂಡು ರಿಯೋ ಗ್ರಾಂಡೆ ನದಿಯ ನೀರಿನಲ್ಲಿ ಮೆಕ್ಸಿಕೋಕ್ಕೆ ಪಾಲು ಕೊಟ್ಟಿತು. ನದಿ ಪಾಲಿನ ಪಾಠದಲ್ಲಿ ಹೆಚ್ಚಾಗಿ ಉದಾಹರಿಸುವ ಪ್ರಸಂಗ ಇದು. ನಮ್ಮ ಕೃಷ್ಣೆಯ ಪಾಲು ಹಾಕಿದ ಬಚಾವತ್ ನ್ಯಾಯಾಧಿಕರಣ 1973ರ ತೀರ್ಪಿನಲ್ಲಿ 2060 ಟಿಎಂಸಿಯನ್ನು ಮೂರು ರಾಜ್ಯಗಳಿಗೆ ಹಂಚಿತು: ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಕ್ಕೆ 800. ಈ ಮೂರು ಅಂಕಿ ಬಾಯಿಪಾಠ ಇರುವ ರೈತರು ನಮ್ಮಲ್ಲಿದ್ದಾರೆ. ಮ್ಯಾಲಿನವನ ವಾದ, ಕೆಳಗಿನವನ ವಾದ ಎರಡನ್ನೂ ಕಾಗದದ ಮೇಲೆ ಇಡಬಲ್ಲ ಪದವೀಧರರು ಮಾತ್ರ ಕಡಿಮೆ.

ಇತಿಹಾಸಕ್ಕೆ ಬಂದರೆ ನಮ್ಮ ನೆಲವೇ ಒಂದು ಪಠ್ಯಪುಸ್ತಕ. 1858ರಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕರು ಬ್ರಿಟಿಷರ ಮೇಲೆ ಎದ್ದರು. ಎರಡು ವರ್ಷ ಬಿಟ್ಟು ಸಂಸ್ಥಾನವನ್ನು ಬ್ರಿಟಿಷರು ನಿಜಾಮನಿಗೆ ಇನಾಮಿನಂತೆ ಬಿಟ್ಟುಕೊಟ್ಟರು. ಜನರನ್ನು ಕೇಳಿದವರು ಯಾರೂ ಇಲ್ಲ. ತೊಂಬತ್ತು ವರ್ಷದ ಮೇಲೆ ನಮ್ಮ ಪ್ರಶ್ನೆ ವಿಶ್ವಸಂಸ್ಥೆಯ ಬಾಗಿಲಿಗೇ ಹೋಯಿತು. 1948ರ ಆಗಸ್ಟ್ 21ರಂದು ಹೈದರಾಬಾದ್ ಸರ್ಕಾರ ಭಾರತದ ವಿರುದ್ಧ ಭದ್ರತಾ ಮಂಡಳಿಗೆ ದೂರು ಕೊಟ್ಟಿತು. ಪ್ಯಾರಿಸ್‌ನಲ್ಲಿ ಸೆಪ್ಟೆಂಬರ್ 16ರಂದು ಮಂಡಳಿ ಅದನ್ನು ಕೈಗೆತ್ತಿಕೊಂಡಿತು. ಮರುದಿನ 17ರಂದು ಇಲ್ಲಿ ನಿಜಾಮ ಶರಣಾದ. ನಾವು ಪ್ರತಿ ವರ್ಷ ಬಾವುಟ ಏರಿಸುವ ದಿನ ಅದು. ಭದ್ರತಾ ಮಂಡಳಿ ಅಂದರೇನು ಎಂದು ದಿಲ್ಲಿಯ ಹುಡುಗ ಪುಸ್ತಕದಲ್ಲಿ ಓದುತ್ತಾನೆ. ನಮ್ಮ ಹುಡುಗನಿಗೆ ಅದು ಅಜ್ಜನ ಕಾಲದ ಸುದ್ದಿ.

ಅದೇ ನಿಜಾಮನ ರಾಜ್ಯದ ಇನ್ನೊಂದು ತುಂಡು ತೆಲಂಗಾಣ. ಅದು ಸೇರಿದ್ದ ಆಂಧ್ರಕ್ಕೆ 1973ರ 32ನೇ ತಿದ್ದುಪಡಿಯಿಂದ ಸಂವಿಧಾನದ 371(ಡಿ) ವಿಧಿ ದೊರಕಿತು. ನಮಗೆ 371(ಜೆ) ಬಂದದ್ದು 2012ರ 98ನೇ ತಿದ್ದುಪಡಿಯಿಂದ. ನಡುವೆ ಮೂವತ್ತೊಂಬತ್ತು ವರ್ಷ! ನಮ್ಮವರು ಹೋರಾಡಲಿಲ್ಲವೆಂದಲ್ಲ, ಬಹಳ ಹೋರಾಡಿದರು. ಆದರೆ ಬೇಡಿಕೆಯನ್ನು ಸಂವಿಧಾನದ ಭಾಷೆಯಲ್ಲಿ ಬರೆದು, ಅಂಕಿಅಂಶ ಜೋಡಿಸಿ, ದಿಲ್ಲಿಯಲ್ಲಿ ಕೂತು ಮಾತಾಡುವವರು ಪ್ರತಿ ತಾಲೂಕಿನಲ್ಲಿ ಹತ್ತು ಮಂದಿ ಇದ್ದಿದ್ದರೆ ಇಷ್ಟು ತಡವಾಗುತ್ತಿರಲಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಓದುವ ಅನುಕೂಲವೂ ನಮಗೆ ತಡವಾಗಿಯೇ ಬಂತು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪಾಠವೆಲ್ಲ ಉರ್ದುವಿನಲ್ಲಿ. ಏಕೀಕರಣವಾದ ಮೇಲೆ ಧಾರವಾಡದ ದಾರಿ ಹಿಡಿಯಬೇಕಾಯಿತು. ಕಲಬುರ್ಗಿಯಲ್ಲಿ 1970ರಲ್ಲಿ ಸ್ನಾತಕೋತ್ತರ ಕೇಂದ್ರ ಬಂತು, 1980ರಲ್ಲಿ ಅದೇ ಗುಲಬರ್ಗಾ ವಿಶ್ವವಿದ್ಯಾಲಯವಾಯಿತು. ಮುಂದೆ ರಾಯಚೂರಿನಲ್ಲೂ ವಿಶ್ವವಿದ್ಯಾಲಯವಾಗಿ ನಮ್ಮ ಜಿಲ್ಲೆಯ ಕಾಲೇಜುಗಳು ಅದಕ್ಕೆ ಸೇರಿದವು. ದೂರ ಕಡಿಮೆಯಾಯಿತು, ನಿಜ. ಕಷ್ಟ ಕಡಿಮೆಯಾಗಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗಿಗೆ ಪ್ಲೇಟೋ, ಕೌಟಿಲ್ಯರ ಮೇಲೆ ಕನ್ನಡ ಪುಸ್ತಕ ಸಿಗುತ್ತವೆ. ಅಂತರರಾಷ್ಟ್ರೀಯ ಸಂಬಂಧಗಳ ಪತ್ರಿಕೆಗೆ ಬಂದೊಡನೆ ಒಳ್ಳೆಯ ಪುಸ್ತಕವೆಲ್ಲ ಇಂಗ್ಲಿಷ್. ಆಕೆ ಗೈಡು ಬಾಯಿಪಾಠ ಮಾಡಿ ಪಾಸಾಗುತ್ತಾಳೆ, ಮುಂದೆ ದಿಲ್ಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಂಥ ಕಡೆ ಅರ್ಜಿ ಹಾಕಲಿಕ್ಕೇ ಅಂಜುತ್ತಾಳೆ. ದಡ್ಡತನ ಅಲ್ರಿ ಇದು, ಪುಸ್ತಕದ ಬರ. ಅದರ ಮ್ಯಾಲೆ ಮನ್ಯಾಗ "ಬಿ.ಎ. ಮುಗೀತಲ್ಲ, ಇನ್ನ ಸಾಕು" ಅಂತ ಮದುವಿ ಮಾತು.

ಅದಕ್ಕೇ ಆಡಳಿತ ಮಂಡಳಿಯವರಲ್ಲಿ ನಮ್ಮದೊಂದು ಬೇಡಿಕೆ. ರಜತ ಮಹೋತ್ಸವದ ನೆನಪಿಗೆ ಸದಸ್ಯರ ಮಕ್ಕಳಿಗೆ ಪ್ರತಿಭಾ ಪುರಸ್ಕಾರ ಇಟ್ಟಿದ್ದೀರಿ, ಬಹಳ ಸಂತೋಷ. ಅರ್ಜಿ ಫಾರಮ್ಮು ನೋಡಿದೆವು. ಅದರಲ್ಲಿ ವೈದ್ಯಕೀಯ, ಇಂಜಿನಿಯರಿಂಗ್, ಕೃಷಿ ಪದವಿ ಎಂದು ಮೂರು ಕಾಲಂ ಇವೆ. ಕೆಳಗೆ ಇನ್ನೊಂದು ಗೆರೆ ಎಳೆದು "ಕಲಾ ವಿಭಾಗ, ಎಂ.ಎ." ಎಂದು ಬರೆಯಿರಿ. ಮೊತ್ತ ಉಳಿದವರಷ್ಟೇ ಇರಲಿ. ಮೊದಲ ಐದು ವರ್ಷ ಅದು ಹೆಣ್ಣುಮಕ್ಕಳಿಗೇ ಹೋಗಲಿ ಎಂದು ನಮ್ಮ ಆಸೆ. ಠರಾವು ಮಾಡುವವರು ನೀವು. ಬರುವ ಸರ್ವಸಾಧಾರಣ ಸಭೆಯ ವಿಷಯ ಪಟ್ಟಿಯಲ್ಲಿ ಇದನ್ನು ಸೇರಿಸಬೇಕೆಂದು ವಿನಂತಿಸುತ್ತ, ನಮ್ಮ ಮಾತು ಮುಗಿಸುತ್ತೇವೆ.