ಅಳಿವೆಯ ಬಾಗಿಲಲ್ಲಿ

ಮಣಿಪಾಲದ ಗುಡ್ಡದ ಅಂಚಿನಲ್ಲಿ ಸಂಜೆ ನಿಂತವರಿಗೆ ಪಡುಗಡಲು ಬೆಳ್ಳಿಯ ತಗಡಿನಂತೆ ಕಾಣುತ್ತದೆ. ದೂರದಿಂದ ನೋಡುವ ನಮಗೆ, ದೋಣಿಗೆ ಬಂದರು ಕಂಡಿತೆಂದರೆ ಪಯಣ ಮುಗಿಯಿತೆಂದೇ ತೋರುತ್ತದೆ. ದೋಣಿಯಲ್ಲಿರುವವರಿಗಾದರೋ ಕಷ್ಟವು ಎಷ್ಟೋ ಸಲ ಆರಂಭವಾಗುವುದೇ ಅಲ್ಲಿ.

ಹೊಳೆಯು ಕಡಲನ್ನು ಕೂಡುವ ಜಾಗವನ್ನು ನಾವು ಅಳಿವೆ ಎನ್ನುತ್ತೇವೆ. ಹೊಳೆಯು ತನ್ನ ಹೆಸರನ್ನೂ ಸಿಹಿಯನ್ನೂ ಅಳಿದುಕೊಳ್ಳುವ ಸ್ಥಳವಾದುದರಿಂದ ಅಳಿವೆ ಎಂದು ಬಿಡಿಸಿ ಹೇಳುವ ಚಾಪಲ್ಯ ನನ್ನಂಥ ಕನ್ನಡ ಪಂಡಿತನಿಗೆ ಸಹಜ. ನಿಘಂಟುಕಾರರು ಒಪ್ಪಲಿ, ಬಿಡಲಿ. ಉದ್ಯಾವರದ ಹೊಳೆಯನ್ನೇ ನೋಡಿ. ಕಡಲ ಮಗ್ಗುಲಿಗೆ ಬಂದ ಮೇಲೂ ಅದು ನೇರವಾಗಿ ಕೂಡದೆ, ಮರಳಿನ ನಾಲಗೆಯೊಂದರ ಹಿಂದೆ ಬಡಗಣಕ್ಕೆ ಹರಿದು ಮಲ್ಪೆಯಲ್ಲಿ ಕಡಲು ಸೇರುತ್ತದೆ. ಹೊಳೆ ತರುವ ಮಣ್ಣು, ಕಡಲು ನೂಕುವ ಮರಳು, ಎರಡೂ ಅಳಿವೆಯಲ್ಲಿ ಸಂಧಿಸಿ ನೀರಿನಡಿಯಲ್ಲಿ ದಿಬ್ಬವಾಗುತ್ತವೆ. ಕಲ್ಲಿನ ತಡೆಗೋಡೆ ಕಟ್ಟಿದ್ದಾರೆ, ಹೂಳೆತ್ತುತ್ತಾರೆ. ಆದರೂ ಮರಳು ಸುಮ್ಮನೆ ಕುಳಿತುಕೊಳ್ಳುವ ಜಾತಿಯದಲ್ಲ. ಕೋಡಿಬೇಂಗ್ರೆಯಲ್ಲಿ ಕೇಳಿ, ಗಂಗೊಳ್ಳಿಯಲ್ಲಿ ಕೇಳಿ, ಇದೇ ಮಾತನ್ನು ಹೇಳುತ್ತಾರೆ.

ಮಲ್ಪೆಯ ಕಡಲಲ್ಲಿ ಬಿರುಗಾಳಿಗೆ ಸಿಕ್ಕಿದ ಹಡಗೊಂದನ್ನು ಮಧ್ವಾಚಾರ್ಯರು ದಡದಿಂದ ತಮ್ಮ ಬಟ್ಟೆಯನ್ನು ಬೀಸಿ ಪಾರುಗಾಣಿಸಿದರು, ಅದರಲ್ಲಿದ್ದ ಗೋಪೀಚಂದನದ ಗಡ್ಡೆಯೊಳಗೇ ಉಡುಪಿಯ ಕೃಷ್ಣನ ವಿಗ್ರಹ ದೊರೆಯಿತು ಎಂಬ ಐತಿಹ್ಯವನ್ನು ನೀವೆಲ್ಲ ಕೇಳಿದ್ದೀರಿ. ಕಥೆಯಲ್ಲಿ ನನ್ನ ಮನಸ್ಸು ನಿಲ್ಲುವುದು ಒಂದು ವಿವರದ ಮೇಲೆ: ಹಡಗಿಗೆ ಅಪಾಯ ಬಂದುದು ನಡುಗಡಲಲ್ಲಲ್ಲ, ದಡ ಕಣ್ಣಿಗೆ ಕಾಣುವಲ್ಲಿ.

ಅದೇಕೆ? ಆಳವಾದ ನೀರಿನಲ್ಲಿ ಅಲೆಯು ದೋಣಿಯನ್ನು ಎತ್ತಿ ಇಳಿಸುತ್ತದೆಯೇ ಹೊರತು ಹೊಡೆಯುವುದು ಕಡಿಮೆ. ನೀರು ತೆಳುವಾದಂತೆ ಅಲೆಯ ಬುಡವು ನೆಲಕ್ಕೆ ತಗುಲಿ ನಿಧಾನವಾಗುತ್ತದೆ, ತಲೆಯು ಎತ್ತರವಾಗಿ ಮುಂದಕ್ಕೆ ಬಾಗಿ ಮುರಿಯುತ್ತದೆ. ಎರಡು ಮೀಟರಿನ ಅಲೆ ಸುಮಾರು ಎರಡೂವರೆ ಮೀಟರು ಆಳದಲ್ಲಿ ಮುರಿದುಬೀಳುತ್ತದೆ. ಇದರ ಮೇಲೆ ಇಳಿತದ ಹೊತ್ತಾದರೆ, ಹೊಳೆಯಿಂದ ಹೊರಕ್ಕೆ ನುಗ್ಗುವ ನೀರು ಒಳಕ್ಕೆ ಬರುವ ಅಲೆಗೆ ಎದುರಾಗಿ, ಅಲೆಗಳು ಗಿಡ್ಡವಾಗಿ, ಕಡಿದಾಗಿ, ಗೋಡೆಯಂತೆ ನಿಲ್ಲುತ್ತವೆ. ಇಷ್ಟಾಗಿ ನಮ್ಮ ಕರಾವಳಿಯ ಉಬ್ಬರವಿಳಿತದ ಅಂತರ ಆಳೆತ್ತರವೂ ಇಲ್ಲ. ಅಷ್ಟಕ್ಕೇ ಈ ಆರ್ಭಟ!

ಹಲವು ವರ್ಷಗಳ ಹಿಂದೆ, ಅಕ್ಟೋಬರಿನ ಒಂದು ದಿನ, ಕಾರ್ಕಳದ ಕಡೆಯ ಇಪ್ಪತ್ತೆರಡು ಮಕ್ಕಳನ್ನು ಕರೆದುಕೊಂಡು ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳನ್ನು ನೋಡಲು ಹೋಗಿದ್ದೆ. ಮರಳುವ ಹೊತ್ತಿಗೆ ವಾಯುವ್ಯದ ಗಾಳಿ ಎದ್ದಿತ್ತು, ಇಳಿತ. ತಾಂಡೇಲನು ಅಳಿವೆಯ ಹೊರಗೆ ಎಂಜಿನನ್ನು ತಗ್ಗಿಸಿ, “ಮಾಷ್ಟ್ರೇ, ಸ್ವಲ್ಪ ಕಾಯುವ” ಎಂದ. ನನಗೆ ಬಸ್ಸಿನ ಚಿಂತೆ. ಮಕ್ಕಳ ತಂದೆತಾಯಿಗಳು ದಾರಿ ಕಾಯುತ್ತಾರೆಂದೆ. ಬಂದರು ಇಲ್ಲೇ ಕಾಣುತ್ತದಲ್ಲ ಎಂದೆ. ತರಗತಿಯಲ್ಲಿ ಆಡುವ ಗಟ್ಟಿದನಿಯಲ್ಲಿಯೇ ಆಡಿದೆ. ಅವನು ಮರುಮಾತಾಡದೆ ಮೂತಿಯನ್ನು ಒಳಕ್ಕೆ ತಿರುಗಿಸಿದ.

ದಿಬ್ಬದ ಹೊರ ಅಂಚಿನಲ್ಲಿ ಹಿಂದಿನಿಂದ ಒಂದು ಅಲೆ ಬಂದು ದೋಣಿಯ ಹಿಂಬದಿಯನ್ನು ಎತ್ತಿತು. ನೀರು ಬಿಟ್ಟು ಮೇಲೆದ್ದ ಫ್ಯಾನು ಕಿರುಚಿತು. ಚುಕ್ಕಾಣಿಗೆ ಹಿಡಿತ ತಪ್ಪಿತು. ದೋಣಿ ಎಡಕ್ಕೆ ಅಡ್ಡ ತಿರುಗತೊಡಗಿತು. ಮಕ್ಕಳೆಲ್ಲ ಒಂದೇ ಮಗ್ಗುಲಿಗೆ ಜಾರಿದರು. ಅಡ್ಡಬಿದ್ದ ದೋಣಿಯ ಪಕ್ಕೆಗೆ ಮುಂದಿನ ಅಲೆ ಬಡಿದರೆ ಮಗುಚುವುದಕ್ಕೆ ಬೇರೇನೂ ಬೇಕಿಲ್ಲವೆಂಬುದು ಆಗ ನನಗೆ ತಿಳಿದಿರಲಿಲ್ಲ, ಅವನಿಗೆ ತಿಳಿದಿತ್ತು. ಫ್ಯಾನು ಮತ್ತೆ ನೀರು ಕಚ್ಚಿದೊಡನೆ ಎಂಜಿನಿಗೆ ಪೂರ್ಣ ಬಲ ಕೊಟ್ಟು, ಚುಕ್ಕಾಣಿಯನ್ನು ಮೈಯೆಲ್ಲ ಬಿಟ್ಟು ಒತ್ತಿ ದೋಣಿಯನ್ನು ನೇರ ಮಾಡಿದ. ಎರಡು ಅಲೆಗಳ ನಡುವೆ ಒಂದು ಬಿಡುವು ಸಿಕ್ಕಿದ ಕೂಡಲೇ ಮೂತಿಯನ್ನು ಕಡಲಿಗೆ ತಿರುಗಿಸಿ, ಬರುವ ಅಲೆಗಳನ್ನು ಎದುರಿಸಿ ಏರುತ್ತ, ನೆತ್ತಿಯಲ್ಲಿ ಬಲ ತಗ್ಗಿಸುತ್ತ, ಆಳದ ನೀರಿಗೆ ಹೋದ. ಅಲ್ಲಿಯವರೆಗೂ ನನ್ನ ಮುಖ ನೋಡಲಿಲ್ಲ.

ಹೆಚ್ಚುಕಡಮೆ ಎರಡು ಗಂಟೆ ಹೊರಗೇ ತೇಲಿದೆವು. ಮಕ್ಕಳು ವಾಂತಿ ಮಾಡಿಕೊಂಡರು. ಕತ್ತಲಾಯಿತು. ತೆಂಕಣಕ್ಕೆ ಕಾಪುವಿನ ದೀಪಸ್ತಂಭ, 1901ರಿಂದ ಬಂಡೆಯ ಮೇಲೆ ನಿಂತಿರುವ ಅದೇ ದೀಪ, ಮಿನುಗತೊಡಗಿತು. ಹುಡುಗಿಯೊಬ್ಬಳು ಮಿನುಗುಗಳನ್ನು ಎಣಿಸುತ್ತಿದ್ದಳು. ಭಯ ಮರೆಯಲಿಕ್ಕೆಂದು ಉಳಿದವರೂ ಸೇರಿಕೊಂಡರು.

ತಾಂಡೇಲನು ಆ ಹೊತ್ತಿನಲ್ಲಿ ಮಾಡಿದ ಕೆಲಸಗಳನ್ನು ಹೇಳಬೇಕು. ಮಕ್ಕಳನ್ನು ಹಲಗೆಗಳಿಂದ ಇಳಿಸಿ ದೋಣಿಯ ತಳದಲ್ಲಿ, ಎರಡೂ ಮಗ್ಗುಲಿಗೆ ಸಮನಾಗಿ, ಕೂರಿಸಿದ. ತೇಲುಅಂಗಿಗಳ ಕಟ್ಟುಗಳನ್ನು ಒಂದೊಂದಾಗಿ ಎಳೆದು ನೋಡಿದ. ಕೆಲವರು ಅದನ್ನು ತಲೆದಿಂಬು ಮಾಡಿಕೊಂಡಿದ್ದರು, ಅವರ ಗುಂಪಿನಲ್ಲಿ ನಾನೂ ಒಬ್ಬ. ಒಳಗೆ ಸೇರಿದ ನೀರನ್ನು ಮೊಗೆದು ಚೆಲ್ಲಿದ. ಡೀಸೆಲಿನ ಜಾಲರಿಯನ್ನು ಬಿಚ್ಚಿ ತೊಳೆದ: ಕುಲುಕಾಟದಿಂದ ತೊಟ್ಟಿಯ ತಳದ ಗಸಿ ಎದ್ದು ಎಂಜಿನಿನ ಗಂಟಲು ಕಟ್ಟುವುದು ಇಂಥ ವೇಳೆಯಲ್ಲೇ. ಹಗ್ಗಗಳನ್ನೆಲ್ಲ ಸುತ್ತಿ ಫ್ಯಾನಿನಿಂದ ದೂರವಿಟ್ಟ, ಲಂಗರನ್ನು ಕೈಗೆ ಸಿಗುವಂತೆ ಮುಂದಿರಿಸಿದ. ಉಳಿದ ಹೊತ್ತೆಲ್ಲ ಅಲೆಗಳನ್ನು ನೋಡುತ್ತಿದ್ದ. ಏಳನೆಯ ಅಲೆಯೇ ದೊಡ್ಡದೆಂಬ ಮಾತುಂಟಷ್ಟೆ? ಕಡಲಿಗೆ ಅಷ್ಟು ಸಲೀಸಾದ ಲೆಕ್ಕ ಗೊತ್ತಿಲ್ಲ. ಆದರೆ ಅಲೆಗಳು ತಂಡಕಟ್ಟಿ ಬರುತ್ತವೆ, ದೊಡ್ಡ ತಂಡವೊಂದು ದಾಟಿದ ಮೇಲೆ ತುಸು ಬಿಡುವಿರುತ್ತದೆ ಎಂಬುದು ನಿಜ.

ನೀವು ದ್ವೀಪಕ್ಕೆ ಹೋಗುವವರಾದರೆ, ಅಂಗಿಯನ್ನು ಧಕ್ಕೆಯಲ್ಲೇ ಕಟ್ಟಿಕೊಳ್ಳಿ. ಅಳಿವೆಯಲ್ಲಿ ಕೈಗಳಿಗೆ ಬೇರೆ ಕೆಲಸವಿರುತ್ತದೆ. ಚಿತ್ರ ತೆಗೆಯಲು ಎಲ್ಲರೂ ಒಂದೇ ಮಗ್ಗುಲಿಗೆ ಏಳಬೇಡಿ. ಮಳೆಗಾಲದಲ್ಲಿ ಪ್ರವಾಸಿ ದೋಣಿಗಳನ್ನು ನಿಲ್ಲಿಸಿದ್ದಾರೆಂದು ಗೊಣಗುವವರನ್ನು ಕಂಡಿದ್ದೇನೆ. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದೋಣಿಗಳ ಮೀನುಗಾರಿಕೆಗೂ ನಿಷೇಧವಿದೆ. ಅದು ಮೀನು ಮರಿಯಿಡುವ ಕಾಲವೆಂದು ಮಾಡಿದ ಕಟ್ಟಳೆ, ಆದರೆ ಆಗಿನ ಅಳಿವೆಯನ್ನು ದಡದಲ್ಲಿ ನಿಂತು ಒಮ್ಮೆ ನೋಡಿದವರು ಬೇರೆ ಕಾರಣ ಕೇಳುವುದಿಲ್ಲ.

ರಾತ್ರಿಯಾಗುತ್ತ ಗಾಳಿ ಬಿದ್ದಿತು, ನೀರು ಏರತೊಡಗಿತು. ತಾಂಡೇಲನು ಮೂರು ದೊಡ್ಡ ಅಲೆಗಳನ್ನು ಮುಂದೆ ಹೋಗಗೊಟ್ಟು ನಾಲ್ಕನೆಯದರ ಬೆನ್ನನ್ನು ಹಿಡಿದ. ಅದರ ನೆತ್ತಿಯನ್ನು ದಾಟಲಿಲ್ಲ. ದಾಟಿದ್ದರೆ ಮೂತಿ ಕೆಳಗಿನ ಹಳ್ಳಕ್ಕೆ ನೆಟ್ಟುಕೊಳ್ಳುತ್ತಿತ್ತು. ಹಿಂದೆಯೂ ಉಳಿಯಲಿಲ್ಲ, ಉಳಿದಿದ್ದರೆ ಐದನೆಯದು ಬಂದು ಹತ್ತುತ್ತಿತ್ತು. ಬಲವನ್ನು ಬೆರಳಿನಲ್ಲಿ ಅಳೆಯುವಂತೆ ಏರಿಸುತ್ತ ಇಳಿಸುತ್ತ, ಅಲೆಯ ನಡಿಗೆಯಲ್ಲೇ ನಡೆದ. ನಾವೆಲ್ಲ ಉಸಿರು ಬಿಗಿಹಿಡಿದಿದ್ದೆವು. ಐದೇ ನಿಮಿಷ, ತಡೆಗೋಡೆಯ ಕಲ್ಲುಗಳು ಪಕ್ಕದಲ್ಲಿ ಸರಿದುವು, ನೀರು ಕೆರೆಯಂತಾಯಿತು, ಮೀನಿನ ನಾತ ಬಂತು.

ಧಕ್ಕೆಯಲ್ಲಿ ಮಕ್ಕಳನ್ನು ಎರಡು ಸಲ ಎಣಿಸಿದೆ. ತಾಂಡೇಲನಿಗೆ ಏನು ಹೇಳಬೇಕೆಂದು ತಿಳಿಯದೆ ಕೈಮುಗಿದೆ. ಅವನು ಹಗ್ಗ ಕಟ್ಟುವುದರಲ್ಲಿದ್ದ. ನಾನು ಅಷ್ಟು ಅವಸರಪಟ್ಟ ಬಸ್ಸು ಆಲದ ಮರದಡಿಯಲ್ಲಿ ನಿಂತಿತ್ತು. ಡ್ರೈವರು ಹಿಂದಿನ ಸೀಟಿನಲ್ಲಿ ಕಾಲುಚಾಚಿ ಗಾಢನಿದ್ರೆಯಲ್ಲಿದ್ದ.